ನಮ್ಮ ಪಾಲಿನ ಒಂದು ವಾರ

ಸಂತೆಕಟ್ಟೆ, ಉಡುಪಿ
12 ಏಪ್ರಿಲ್ 1988

ಪ್ರೀತಿಯ ಗ್ಲ್ಯಾಡಿಸ್,

ನಾವಿಲ್ಲಿ ಆರೋಗ್ಯವಾಗಿದ್ದೇವೆ. ನೀನೂ ಹಾಗೆಯೇ ಇದ್ದೀ ಎಂದು ನಿನ್ನ ದಪ್ಪ ದಪ್ಪ ಅಕ್ಷರ ನೋಡಿಯೇ ತಿಳಿಯಿತು; ಸುಸ್ತಾದಾಗ ನಿನ್ನ ಅಕ್ಷರ ಸಣ್ಣದಾಗುತ್ತದೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಪರೀಕ್ಷೆ, ಯುಗಾದಿ, ನೆಂಟರು ಎಂದು ಕಾರಣ ಹೇಳಬಹುದು. ಎಂಟನೇ ತರಗತಿಯ ನೂರಹನ್ನೆರಡು ಗಣಿತದ ಪತ್ರಿಕೆ ತಿದ್ದಿದ್ದೂ ಸುಳ್ಳಲ್ಲ. ಆದರೆ ನಿಜವೆಂದರೆ, ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಎದ್ದುಹೋಗಿದ್ದೇನೆ. ಬೈಯಬೇಡ. ಅಥವಾ ಬೈದುಬಿಡು, ಬಹರೈನಿನಿಂದ ಬೈದರೆ ಸಂತೆಕಟ್ಟೆಗೆ ಕೇಳಿಸುವುದಿಲ್ಲ.

ನೀನು ಕಳಿಸಿದ ಟೈಮ್ ಶೇರ್ ಫಾರ್ಮು ನನ್ನ ಪಂಚಾಂಗದೊಳಗೆ ಮಡಿಸಿಟ್ಟಂತೆಯೇ ಉಂಟು. ನಿಮ್ಮ ಆಸ್ಪತ್ರೆಗೆ ಬಂದು ನರ್ಸುಗಳನ್ನೆಲ್ಲ ಕೂರಿಸಿ ವಿವರಿಸಿದರಂತಲ್ಲ, ಆ ಕಂಪೆನಿಯ ವಿಷಯ ನಾನು ಪೂರ್ತಿ ತಿಳಿದುಕೊಂಡಿದ್ದೇನೆ. ನೀಲಗಿರಿ ಬೆಟ್ಟದ ಮೇಲೆ ಅವರದೊಂದು ಮನೆ. ಆ ಮನೆಯಲ್ಲಿ ವರ್ಷಕ್ಕೆ ಒಂದು ವಾರ ನಮ್ಮದು, ತೊಂಬತ್ತೊಂಬತ್ತು ವರ್ಷದವರೆಗೆ. ಇಪ್ಪತ್ತನಾಲ್ಕು ಸಾವಿರದಲ್ಲಿ ಅರ್ಧ ನಿನ್ನದು, ಅರ್ಧ ನನ್ನದು. ನಮ್ಮಿಬ್ಬರ ವಯಸ್ಸು ಕೂಡಿಸಿದರೂ ಎಂಬತ್ತೆರಡು ದಾಟುವುದಿಲ್ಲ ಮಾರಾಯ್ತಿ, ತೊಂಬತ್ತೊಂಬತ್ತು ವರ್ಷ ಯಾರು ಅಲ್ಲಿ ಕುಳಿತು ಚಳಿ ಕಾಯಿಸುವುದು?

ತಮಾಷೆ ಇರಲಿ. ನೀನು ಬರೆದ ಒಂದು ಸಾಲು ನನಗೆ ಬಾಯಿಪಾಠವಾಗಿದೆ. "ನಳಿನಾಕ್ಷಿ, ನಾನು ಊರಿಗೆ ಬಂದಾಗಲೆಲ್ಲ ನೀನು ಅರ್ಧ ಗಂಟೆಗೆ ಬಂದು, ಛತ್ರಿ ಕೈಯಲ್ಲಿ ಹಿಡಿದೇ ಕುಳಿತು ಹೋಗುತ್ತೀ. ಒಂದು ವಾರ ಜೊತೆಗಿರೋಣ ಎಂದು ಹದಿನೇಳು ವರ್ಷದಿಂದ ಹೇಳಿದ್ದೇ ಬಂತು. ದುಡ್ಡು ಕಟ್ಟಿಟ್ಟರಾದರೂ ಬರುತ್ತೀಯೋ ನೋಡೋಣ" ಎಂದು ಬರೆದಿದ್ದೀಯಲ್ಲ. ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಈ ಸಲ ಆ ವಾರ ಆಗಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಫಾರ್ಮಿಗೆ ಸಹಿ ಹಾಕುವುದೋ ಬಿಡುವುದೋ ಎಂಬುದಷ್ಟೇ ಉಳಿದ ಪ್ರಶ್ನೆ.

ಮಾರ್ಚ್ ಮೊದಲ ಭಾನುವಾರ ಮಣಿಪಾಲದ ಒಂದು ಹೋಟೆಲಿನಲ್ಲಿ ಆ ಕಂಪೆನಿಯವರು ಸಭೆ ಇಟ್ಟಿದ್ದರು. ದಂಪತಿಗಳೇ ಬರಬೇಕಂತೆ, ಮಧ್ಯಾಹ್ನದ ಊಟ ಅವರದೇ. ಇವರನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವರಿಗೆ ಬಿಟ್ಟಿ ಊಟವೆಂದರೆ ಮೊದಲು ಅನುಮಾನ, ಆಮೇಲೆ ಹಸಿವು. ಮಂಗಳೂರಿನಿಂದ ಬಂದ ಜೇಮ್ಸ್ ಎಂಬ ಹುಡುಗ ವಿವರಿಸಿದ. ಒಳ್ಳೆಯ ಹುಡುಗ, ಟೈ ಕಟ್ಟಿ ಬೆವರುತ್ತಿದ್ದ. ಆಲ್ಬಮ್ ತೆರೆದು ಬೆಟ್ಟ, ಹೂವು, ಮಲಗುವ ಕೋಣೆ ಎಲ್ಲ ತೋರಿಸಿದ. ಅಡಿಗೆಮನೆಯ ಚಿತ್ರವೂ ಇತ್ತು. ಪುಟ್ಟ ಅಡಿಗೆಮನೆ, ಒಂದೇ ಒಲೆ. ಆ ಪುಟ ನಾನು ಬೇಗ ಮಗುಚಿದೆ.

"ನಮಗೆ ಯಾವ ವಾರ ಸಿಗುತ್ತದೆ?" ಎಂದು ಕೇಳಿದೆ.

"ನೀವು ಈಗಲೇ ಒಂದು ವಾರ ಆರಿಸಬೇಕು ಟೀಚರ್. ವರ್ಷಕ್ಕೆ ಐವತ್ತೆರಡು ವಾರ ಉಂಟಲ್ಲ, ಅದರಲ್ಲಿ ನಿಮ್ಮ ನಂಬರು ಯಾವುದೋ ಅದು ಖಾಯಂ."

"ನನ್ನ ಗೆಳತಿಗೆ ರಜೆ ಯಾವಾಗ ಸಿಗುತ್ತದೆಂದು ಅವಳಿಗೇ ಗೊತ್ತಿರುವುದಿಲ್ಲ. ಆಸ್ಪತ್ರೆಯವರು ಎರಡು ವರ್ಷಕ್ಕೊಮ್ಮೆ ಕೊಡುತ್ತಾರೆ, ಅದೂ ಎರಡು ತಿಂಗಳು ಮೊದಲು ಹೇಳುತ್ತಾರೆ."

"ಬದಲಿಸಬಹುದು ಟೀಚರ್. ಆರು ತಿಂಗಳು ಮೊದಲು ಬರೆದು ಕೊಡಬೇಕು. ಬೇರೆ ವಾರ ಖಾಲಿಯೂ ಇರಬೇಕು."

ಇವರು ಹೋಳಿಗೆ ಮುರಿಯುತ್ತ, "ಅಲ್ಲ ಮಾರಾಯ್ರೆ, ಎರಡು ತಿಂಗಳಿಗೆ ಗೊತ್ತಾಗುವುದನ್ನು ಆರು ತಿಂಗಳು ಮೊದಲು ಬರೆದು ಕೊಡುವುದು ಹೇಗೆ?" ಎಂದರು. ಜೇಮ್ಸ್ ಅತ್ತಿತ್ತ ನೋಡಿ, "ಸರ್, ಸ್ವಲ್ಪ ಮೆಲ್ಲಗೆ ಮಾತಾಡಿ, ಆಚೆ ಟೇಬಲಿನವರು ಸಹಿ ಹಾಕುವ ಹೊತ್ತು. ಇನ್ನೊಂದು ಹೋಳಿಗೆ ಹಾಕಿಸಲಾ?" ಎಂದ. ಇವರು ಹಾಕಿಸಿಕೊಂಡರು.

ಹಾಗೆಂದು ನಾನು ಅಲ್ಲಿಗೇ ಬಿಡಲಿಲ್ಲ. ಕೊಂಡವರನ್ನು ಕೇಳದೆ ತೀರ್ಪು ಹೇಳಬಾರದಲ್ಲ. ಇವರ ಚಿಕ್ಕಪ್ಪನ ಮಗ ಅನಂತಪದ್ಮನಾಭ, ಕಾರ್ಕಳದಲ್ಲಿ ಔಷಧದ ಅಂಗಡಿ ಇಟ್ಟವರು, ಹಿಂದಿನ ವರ್ಷವೇ ಇದೇ ಕಂಪೆನಿಯ ಮೂವತ್ತೆಂಟನೇ ವಾರ ಕೊಂಡಿದ್ದರು. ಸೆಪ್ಟೆಂಬರ್ ಮಧ್ಯದ್ದು, ಸ್ವಲ್ಪ ಅಗ್ಗ. ಬಸ್ಸು ಹತ್ತಿ ಹೋಗಿ ಕೇಳಿದೆ. ಅವರು ಎದ್ದು ಅಂಗಡಿಗೆ ಹೋದರು. ಅವರ ಹೆಂಡತಿ ಶ್ರೀಮತಿ ಮಜ್ಜಿಗೆ ತಂದುಕೊಟ್ಟು ಹೇಳಿದಳು.

ಆದದ್ದು ಇಷ್ಟು. ಅವಳ ಮಾವನ ಶ್ರಾದ್ಧ ಅದಕ್ಕೆ ಹಿಂದಿನ ವರ್ಷ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಬಂದಿತ್ತು. ಅನಂತಪದ್ಮನಾಭ ಕ್ಯಾಲೆಂಡರ್ ನೋಡಿ, ಅದಕ್ಕಿಂತ ಹತ್ತು ದಿನ ಮೊದಲಿನ ವಾರ ಆರಿಸಿದರೆ ತಂಟೆಯಿಲ್ಲ ಎಂದು ಬಹಳ ಜಾಣತನದಿಂದ ಸಹಿ ಹಾಕಿದರು. ಶ್ರಾದ್ಧ ತಿಥಿಗೆ ಬರುತ್ತದೆಯೇ ಹೊರತು ತಾರೀಕಿಗೆ ಬರುವುದಿಲ್ಲ ಎಂಬುದು ಹುಟ್ಟಿದಂದಿನಿಂದ ಗೊತ್ತಿದ್ದ ಮನುಷ್ಯನಿಗೆ ಆ ಹೊತ್ತು ಮರೆತುಹೋಯಿತು. ಮರುವರ್ಷ ಅದು ಹನ್ನೊಂದು ದಿನ ಹಿಂದೆ ಸರಿದು ಹದಿನೇಳನೇ ತಾರೀಕು, ಸರಿಯಾಗಿ ಆ ವಾರದ ನಟ್ಟನಡುವೆ ಬಂದು ಕೂತಿತು. "ಅಕ್ಕಾ, ಪಿಂಡ ಇಡುವಾಗಲೂ ಇವರ ಮನಸ್ಸು ಬೆಟ್ಟದಲ್ಲೇ ಇತ್ತು. ಹೋಗದಿದ್ದರೂ ವರ್ಷದ ನಿರ್ವಹಣೆಯ ಹಣ ಕಟ್ಟಲಿಕ್ಕೆ ಉಂಟಂತೆ" ಎಂದಳು ಶ್ರೀಮತಿ. ಈ ವರ್ಷ ಅಧಿಕಮಾಸ ಬಂದು, ಶ್ರಾದ್ಧ ಮುಂದೆ ಹೋಗಿ, ಅವರನ್ನು ಉಳಿಸಿದೆ. ಮುಂದಿನ ವರ್ಷದ ಮಾತು ಈಗ ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನಿನಗೆ ಇದು ನಗು ಬರಿಸಬಹುದು. ಹೊಸ ತೆನೆಯ ನಿಮ್ಮ ಮೊಂತಿ ಹಬ್ಬ ಯಾವ ವರ್ಷವಾದರೂ ಸೆಪ್ಟೆಂಬರ್ ಎಂಟಕ್ಕೇ. ಕಂಪೆನಿಯವರ ಲೆಕ್ಕಕ್ಕೆ ನೀವೇ ಸರಿಯಾದ ಜನ. ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಯೋಚನೆ ಬೇರೆಲ್ಲಿಗೋ ಹೋಯಿತು, ಅದನ್ನು ಕೊನೆಗೆ ಬರೆಯುತ್ತೇನೆ.

ಕಳೆದ ಶನಿವಾರ ಕಾಪುವಿಗೆ ಹೋಗಿದ್ದೆ. ದೀಪಸ್ತಂಭದಿಂದ ಸ್ವಲ್ಪ ಈಚೆಗೆ, ತೆಂಗಿನ ತೋಟದ ನಡುವೆ ಬರ್ತಾ ಬಾಯಿ ಎಂಬವರು ನಾಲ್ಕು ಕೋಣೆ ಕಟ್ಟಿಸಿ ಪ್ರವಾಸಿಗಳಿಗೆ ಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ ಅದೇ ಅವರ ಜೀವನ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಹೇಳಿ ಗೊತ್ತಾಯಿತು. ಡಿಸೆಂಬರಿನಲ್ಲಿ ದಿನಕ್ಕೆ ನೂರಿಪ್ಪತ್ತು ರೂಪಾಯಿ ಬಾಡಿಗೆ. ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅರ್ಧ. ವಾರಕ್ಕೆ ಹಿಡಿದರೆ ಏಳನೇ ದಿನದ್ದು ಬಿಟ್ಟಿ.

"ಮಳೆಗಾಲದಲ್ಲಿ ಬಂದು ಎಂತ ಮಾಡ್ತೀರಿ ಟೀಚರ್? ಕಡಲು ನೋಡಲಿಕ್ಕೆ ಉಂಟು, ಇಳಿಯಲಿಕ್ಕೆ ಇಲ್ಲ" ಎಂದರು ಬರ್ತಾ ಬಾಯಿ.

"ನಾವಿಬ್ಬರೂ ಇಳಿಯುವವರಲ್ಲ. ಕೂತು ಮಾತಾಡುವವರು" ಎಂದೆ. ನಿನ್ನ ವಿಷಯವನ್ನೂ ಹೇಳಿದೆ.

"ರಜೆ ಸಿಗದೆ ಆ ಗ್ಲ್ಯಾಡಿಸ್ ಬಾಯಿ ಬರದಿದ್ದರೆ?"

"ಅದನ್ನೇ ಕೇಳಬೇಕೆಂದಿದ್ದೆ."

"ಒಂದು ಕಾರ್ಡು ಹಾಕಿ, ಸಾಕು. ಬೇರೆ ವಾರ ಕೊಡ್ತೇನೆ. ಮಳೆಗಾಲದಲ್ಲಿ ನನಗೆ ಕೋಣೆಗೂ ಬರ ಇಲ್ಲ, ವಾರಕ್ಕೂ ಬರ ಇಲ್ಲ."

ಗ್ಲ್ಯಾಡಿಸ್, ಇಡೀ ಟೈಮ್ ಶೇರಿಗೆ ಅಲ್ಲಿ ಉತ್ತರ ಸಿಕ್ಕಿತು. ನಾನು ಲೆಕ್ಕದ ಟೀಚರ್, ಒಂದು ಸಾಲಾದರೂ ಲೆಕ್ಕ ಬರೆಯದಿದ್ದರೆ ಕೈ ತಡೆಯುವುದಿಲ್ಲ. ಆ ಇಪ್ಪತ್ತನಾಲ್ಕು ಸಾವಿರವನ್ನು ಇವರ ಬ್ಯಾಂಕಿನಲ್ಲಿ ಇಟ್ಟರೆ ಬರುವ ವರ್ಷದ ಬಡ್ಡಿಯಲ್ಲಿ ಬರ್ತಾ ಬಾಯಿಯ ಕೋಣೆಯಲ್ಲಿ ಆರು ವಾರ ಇರಬಹುದು, ಅಸಲು ಹಾಗೇ ಇರುತ್ತದೆ. ಬೆಟ್ಟ ಬೇಕೆನಿಸಿದರೆ ಮಳೆ ಕಳೆದು ಜನ ಕಡಿಮೆಯಾದಾಗ ಅಲ್ಲೂ ಹೀಗೇ ಅರ್ಧ ಬಾಡಿಗೆಗೆ ಕೋಣೆ ಸಿಗುತ್ತದಂತೆ. ನಿನ್ನ ಪಾಲಿನ ಹನ್ನೆರಡು ಸಾವಿರ ನೀನು ರಾತ್ರಿ ಪಾಳಿ ಮಾಡಿ ಉಳಿಸಿದ್ದು. ಅದನ್ನು ನಂಬರು ಹಾಕಿದ ಒಂದು ವಾರಕ್ಕೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ಫಾರ್ಮಿಗೆ ನಾನು ಸಹಿ ಹಾಕಲಿಲ್ಲ, ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ.

ಕೋಣೆ ನೋಡಿ ಹೊರಡುವಾಗ ಬರ್ತಾ ಬಾಯಿ ಹಿಂದಿನ ಅಡಿಗೆಮನೆಯ ಬಾಗಿಲು ತೆರೆದರು. "ನೀವು ಬ್ರಾಹ್ಮಣರಲ್ವಾ? ನಿಮ್ಮವರು ಬಂದರೆ ಸ್ಟವ್ವು, ಪಾತ್ರೆ ಎಲ್ಲ ಮನೆಯಿಂದಲೇ ತರ್ತಾರೆ. ನೀವೂ ತನ್ನಿ, ನನಗೆ ಬೇಸರ ಇಲ್ಲ" ಎಂದರು. ನಾನು ಅಲ್ಲಿದ್ದ ಒಲೆ ನೋಡಿದೆ. "ಪಾತ್ರೆ ತರುವುದಿಲ್ಲ, ಬಟ್ಟೆ ಮಾತ್ರ ತರ್ತೇನೆ" ಎಂದು ಹೇಳಿ ಬಂದೆ.

ಸೆಪ್ಟೆಂಬರ್ ನಾಲ್ಕರಿಂದ ಹತ್ತರವರೆಗೆ ಕೋಣೆ ಹಿಡಿದಿದ್ದೇನೆ. ಈ ವರ್ಷ ನಿನ್ನ ರಜೆಯ ಸರದಿ, ಸೆಪ್ಟೆಂಬರ್ ಅಥವಾ ಡಿಸೆಂಬರ್ ಕೇಳಬಹುದು ಎಂದು ನೀನು ಬರೆದಿದ್ದೀ. ದಯವಿಟ್ಟು ಸೆಪ್ಟೆಂಬರನ್ನೇ ಕೇಳು. ನಾನು ಆರು ದಿನದ ರಜೆ ಉಳಿಸಿಟ್ಟಿದ್ದೇನೆ. ಮನೆಯಲ್ಲೂ ಹೇಳಿಯಾಯಿತು. "ಒಂದು ವಾರ ನಾನು ಹೋಟೆಲಿನಲ್ಲಿ ಉಂಡರೆ ಎಂತ ಆಗ್ತದೆ? ಉಡುಪಿಯಲ್ಲಿ ಹೋಟೆಲಿಗೆ ಬರವಾ?" ಎಂದರು ಇವರು. ಇಷ್ಟು ಸುಲಭದಲ್ಲಿ ಆಗುವ ಕೆಲಸಕ್ಕೆ ನಾನು ಹದಿನೇಳು ವರ್ಷ ತೆಗೆದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

ನಿನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು ನಾನು, ಅಷ್ಟು ಅಧಿಕಾರದಿಂದ ಹರಸುತ್ತೇನೆ. ನಿನ್ನ ಕಾಲುನೋವು ಕಡಿಮೆಯಾಗಲಿ, ರಾತ್ರಿ ಪಾಳಿ ತಪ್ಪಲಿ, ಕೇಳಿದ ತಿಂಗಳೇ ರಜೆ ಸಿಗಲಿ. ದೇವರು, ನಿನ್ನವನೂ ನನ್ನವನೂ ಸೇರಿ, ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ನಳಿನಾಕ್ಷಿ

ತಾ.ಕ.: ಕೊನೆಗೆ ಬರೆಯುತ್ತೇನೆ ಎಂದಿದ್ದೆನಲ್ಲ, ಅದು ಇದು. ಮೂರು ಸಲ ಎದ್ದುಹೋದದ್ದೂ ಇದನ್ನು ಬರೆಯಲಾಗದೆ.

1964ರ ಮೊಂತಿ ಹಬ್ಬ ನಿನಗೆ ನೆನಪಿದೆಯೇ? ನಾವು ಕಾಲೇಜು ಸೇರಿದ ವರ್ಷ. ಅವತ್ತು ನಿಮ್ಮ ಮನೆಯಲ್ಲಿ ಮೀನು ಮಾಂಸ ಇರುವುದಿಲ್ಲವೆಂದು ನಿನ್ನ ಅಮ್ಮ ಡುಲ್ಸಿನ್ ಬಾಯಿ ನನ್ನನ್ನು ಊಟಕ್ಕೆ ಕರೆದಿದ್ದರು. ನನಗಾಗಿ ಹೊಸ ಮಡಕೆ ತಂದು, ಹೊಸ ಅಕ್ಕಿಯ ಅನ್ನ ಬೇರೆಯೇ ಮಾಡಿದ್ದರು. ಎಲೆ ಹಾಕಿ ನೀರು ಇಟ್ಟಾಗಿತ್ತು. ನಿಮ್ಮ ಮನೆಯಲ್ಲಿ ಒಂದು ಅಗುಳೂ ತಿನ್ನಬಾರದೆಂದು ನನ್ನ ಅಮ್ಮ ಆಣೆ ಹಾಕಿಸಿ ಕಳಿಸಿದ್ದಳು. ನಾನು ಎಲೆಯ ಮುಂದೆ ನಿಂತು, "ಇವತ್ತು ನನಗೆ ಏಕಾದಶಿ" ಎಂದೆ.

ಅದು ಏಕಾದಶಿಯಲ್ಲ. ನಾಡಿದ್ದು ಚೌತಿ ಇತ್ತು. ಸಂತೆಕಟ್ಟೆಯ ತುಂಬ ಚೌತಿಯ ಕಬ್ಬು ತಂದು ರಾಶಿ ಹಾಕಿದ್ದರು. ಚೌತಿಗೆ ಎರಡು ದಿನ ಮೊದಲು ಏಕಾದಶಿ ಬರುವುದಿಲ್ಲವೆಂದು ಆ ಕಬ್ಬು ಮಾರುವವರಿಗೂ ಗೊತ್ತು, ನಮ್ಮ ಮನೆಗಳ ನಡುವೆಯೇ ಬೆಳೆದ ನಿನ್ನ ಅಮ್ಮನಿಗೆ ಗೊತ್ತಿರದೆ ಇದ್ದೀತೇ? ಅವರು ನನ್ನ ಮುಖ ನೋಡಿದರು. ಆಮೇಲೆ ಎಲೆ ಮಡಿಸಿಟ್ಟು, "ಹಾಗಾದರೆ ಬಾಳೆಹಣ್ಣು ತಿನ್ನಬಹುದಲ್ಲ ಮಗಾ" ಎಂದರು. ನೀನು, ಏನೂ ತಿಳಿಯದವಳು, "ಅವಳು ಉಪವಾಸ ಇರುವಾಗ ನಾನು ಹೇಗೆ ಉಣ್ಣುವುದು" ಎಂದು ನಿನ್ನ ಹಬ್ಬದ ಊಟ ಬಿಟ್ಟು ನನ್ನ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿಂದೆ. ನಾನು ನೋಡುತ್ತ ಕೂತೆ.

ಅದರ ನಂತರ ಅವರು ನನ್ನನ್ನು ಊಟಕ್ಕೆ ಕರೆಯಲಿಲ್ಲ. ಹೋದಾಗಲೆಲ್ಲ ಬಾಳೆಹಣ್ಣು ತಂದಿಟ್ಟರು. ನನ್ನ ಮದುವೆಗೆ ಬಂದು, ಬೇರೆ ಪಂಕ್ತಿಯಲ್ಲಿ ಕೂರಿಸಿದರೂ ಕೂತು, ತೃಪ್ತಿಯಾಗಿ ಉಂಡು ನನ್ನ ಗಲ್ಲ ಸವರಿ ಹೋದರು. ಅವರು ತೀರಿ ಒಂಬತ್ತು ವರ್ಷವಾಯಿತು. ನನ್ನ ಅಮ್ಮನೂ ಇಲ್ಲ, ಆಣೆಯೂ ಇಲ್ಲ. ಆದರೂ ನಿನ್ನ ಮನೆಗೆ ಬಂದರೆ ಆ ಮಡಿಸಿದ ಎಲೆ ಕಣ್ಣಿಗೆ ಬರುತ್ತದೆ, ಛತ್ರಿ ಕೈಯಿಂದ ಇಳಿಯುವುದಿಲ್ಲ. ಜೇಮ್ಸ್ ತೋರಿಸಿದ ಒಂದೇ ಒಲೆಯ ಅಡಿಗೆಮನೆ ನೋಡಿ ಮನಸ್ಸು ಮೊದಲು ಹೇಳಿದ್ದು "ಬೇಡ" ಎಂದೇ. ಬಡ್ಡಿಯ ಲೆಕ್ಕವೆಲ್ಲ ಆಮೇಲೆ ಬಂತು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಇದನ್ನು ನಿನ್ನಿಂದ ಮುಚ್ಚಿಡಬಾರದು.

ಹೊಸ ಪಂಚಾಂಗ ನೋಡಿದೆ. ಈ ವರ್ಷ ಏಕಾದಶಿ ಸೆಪ್ಟೆಂಬರ್ ಆರಕ್ಕೇ ಮುಗಿಯುತ್ತದೆ. ಎಂಟಕ್ಕೆ ನಾವು ಕಾಪುವಿನಲ್ಲಿರುತ್ತೇವೆ. ಇಗರ್ಜಿಯಲ್ಲಿ ಕೊಟ್ಟ ತೆನೆ, ನಿನ್ನ ತಮ್ಮ ಇಮ್ಯಾನುಯೆಲನ ಗದ್ದೆಯ ಹೊಸ ಅಕ್ಕಿ ತರಿಸು. ಹರಿವೆ, ಬೆಂಡೆ, ಹೀರೆ, ಕೆಸುವಿನ ದಂಟು ನಾನು ಹೆಚ್ಚಿಕೊಡುತ್ತೇನೆ. ಅಡಿಗೆ ನೀನು ಮಾಡು, ನಿನ್ನ ಅಮ್ಮ ಮಾಡುತ್ತಿದ್ದಂತೆ, ಬರ್ತಾ ಬಾಯಿಯ ಪಾತ್ರೆಯಲ್ಲಿ. ಆ ದಿನ ನನಗೂ ಒಂದು ಎಲೆ ಹಾಕು ಗ್ಲ್ಯಾಡಿಸ್, ಪಕ್ಕದಲ್ಲಿ ಡುಲ್ಸಿನ್ ಬಾಯಿಗೊಂದು. ಇಪ್ಪತ್ತನಾಲ್ಕು ವರ್ಷದಿಂದ ಉಪವಾಸ ಇದ್ದೇನೆ.