ಅಕ್ಕನ ಕೆಳದನಿ ಮತ್ತು ನಿಮ್ಮ ವೇಗದ ಜಾಲ

ವಿಶ್ವವಿದ್ಯಾಲಯಗಳ ಅತಿವೇಗದ ಕಂಪ್ಯೂಟರ್ ಜಾಲವನ್ನು ನಡೆಸುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಸಂಗೀತ ವಿಭಾಗವನ್ನು ಮತ್ತೆ ವೇಗದ ಜಾಲಕ್ಕೆ ಸೇರಿಸಿಕೊಂಡಿರುವುದಾಗಿ ನಿಮ್ಮ ಕಚೇರಿಯಿಂದ ಒಪ್ಪಿಗೆ ಬಂದಿದೆ. ಅದು ಬರುವ ಹೊತ್ತಿಗೆ ವೈದ್ಯರು ನನ್ನ ಅಕ್ಕನ ಧ್ವನಿಪೆಟ್ಟಿಗೆಯನ್ನು ತೆಗೆದು ತಿಂಗಳಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನೀವು ಇನ್ನೂ ಉದಾರಿಗಳು, ಬಾಗಿಲು ತೆರೆದಿದ್ದೀರಿ. ಇದನ್ನು ನಾನು ಕೋಪದಿಂದ ಬರೆಯುತ್ತಿಲ್ಲ. ಕೋಪ ಬರಲಿ ಎಂದು ಕೆಲವು ದಿನ ಕಾದೆ, ಬರಲಿಲ್ಲ.

ನಾನು ಇಲ್ಲಿ ಹಾಡುಗಾರಿಕೆ ಕಲಿಸುತ್ತೇನೆ. ದೇಶದ ಇನ್ನೊಂದು ತುದಿಯ ವಿಶ್ವವಿದ್ಯಾಲಯದಲ್ಲಿ ಅಕ್ಕ ಅದೇ ಕೆಲಸ ಮಾಡುತ್ತಿದ್ದಳು. ಅಮ್ಮ ನಮ್ಮಿಬ್ಬರಿಗೂ ಜೋಡಿ ಹಾಡುಗಳನ್ನು ಕಲಿಸಿದ್ದಳು. ಅವುಗಳಲ್ಲಿ ಒಂದು ದನಿಯ ಸಾಲು ಮುಗಿಯುವ ಮೊದಲೇ ಇನ್ನೊಂದು ಏಳಬೇಕು. ಮೇಲುದನಿ ನನ್ನದು, ಕೆಳದನಿ ಅಕ್ಕನದು. ಯಾರೂ ಸ್ವರ ಬರೆದಿಟ್ಟಿಲ್ಲ. ಒಬ್ಬಳೇ ಕೂತು ಸ್ವರ ಬರೆ, ಇಲ್ಲವೇ ಹಾಡಿ ಧ್ವನಿಮುದ್ರಿಸು ಎಂದರೆ ಅವಳಿಂದ ಆಗುತ್ತಿರಲಿಲ್ಲ. "ನಿನ್ನ ದನಿ ಕಿವೀಲಿ ಇಲ್ದಿದ್ರೆ ನಂಗೆ ಹಾಡೇ ಮರ್ತುಹೋಗುತ್ತೆ ಕಣೇ" ಎನ್ನುತ್ತಿದ್ದಳು. ನಿಮ್ಮ ಜಾಲ ಬಂದ ಮೇಲೆ ನಮ್ಮ ಎರಡು ಕೋಣೆಗಳು ಒಂದೇ ಆದವು. ಇಲ್ಲಿ ಪರದೆಯ ಮುಂದೆ ನಾನೂ ನನ್ನ ವಿದ್ಯಾರ್ಥಿಗಳೂ, ಅಲ್ಲಿ ಅಕ್ಕ. ಎಲ್ಲರೂ ಒಟ್ಟಿಗೆ ಹಾಡಿದೆವು. ಹುಡುಗಿಯರು ನನ್ನನ್ನು ಮೇಡಂ ಎಂದೂ ಅವಳನ್ನು ದೊಡ್ಡಮ್ಮ ಎಂದೂ ಕರೆದರು. ಗದರುವವಳು ಅವಳು, ಆದರೂ ಅವರಿಗೆ ಅವಳೇ ಇಷ್ಟ. ನಿಮ್ಮ ಜಾಲಕ್ಕೆ ನಾನು ಕೊಡಬಲ್ಲ ಅತಿ ದೊಡ್ಡ ಹೊಗಳಿಕೆಯೆಂದರೆ, ಅದು ಇದೆಯೆಂಬುದನ್ನೇ ನಾವು ಮರೆತಿದ್ದೆವು.

ಆಮೇಲೆ ಅಕ್ಕನ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಮೊದಲು ಔಷಧಿ, ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ, ಅಲ್ಲಿಯವರೆಗೆ ದನಿ ಉಳಿದೀತು ಎಂದರು ವೈದ್ಯರು. ಅಷ್ಟರೊಳಗೆ ಎಲ್ಲ ಹಾಡುಗಳ ಕೆಳದನಿಯನ್ನು ಹುಡುಗಿಯರಿಗೆ ದಾಟಿಸಿಬಿಡೋಣ ಎಂದುಕೊಂಡೆವು. ಶುರುಮಾಡಿದ ಕೆಲವೇ ದಿನಗಳಲ್ಲಿ ತಾಳ ತಪ್ಪತೊಡಗಿತು. ನಾನು ಅವಳಿಗಾಗಿ ಕಾದೆ, ಅವಳು ನನಗಾಗಿ ಕಾದಳು; ಹಾಡು ಕುಂಟುತ್ತ ಕುಂಟುತ್ತ ನಿಂತೇಹೋಯಿತು. ಅಕ್ಕನಿಗೆ ಸುಸ್ತು ಎಂದು ನಾನು ತಿಳಿದೆ. ತಂಗಿಗೆ ವಯಸ್ಸಾಯಿತು ಎಂದು ಅವಳು ತಿಳಿದಳಂತೆ. ಕೊನೆಗೆ ನಮ್ಮ ಕಂಪ್ಯೂಟರ್ ವಿಭಾಗದ ಹುಡುಗ ಬಂದು ನೋಡಿ, "ಲೈನ್ ಕೆಟ್ಟಿಲ್ಲ ಮೇಡಂ, ನಿಮ್ಮನ್ನ ವೇಗದ ಜಾಲದಿಂದ ತೆಗ್ದು ಮಾಮೂಲಿ ಇಂಟರ್ನೆಟ್ಟಿಗೆ ಹಾಕಿದಾರೆ" ಎಂದ. ಸಂಗೀತವು ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿತ್ತು. ಅದನ್ನು ನಮಗೆ ತಿಳಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಫೋನ್ ಮಾಡಿದೆ. ನಿಮ್ಮ ಅಧಿಕಾರಿಯೊಬ್ಬರು ಬಹಳ ಸೌಜನ್ಯದಿಂದ, "ಹಾಡೋದಕ್ಕೆ ಫೋನ್ ಸಾಕಲ್ವಾ ಮೇಡಂ?" ಎಂದರು. ದನಿ ತಲುಪುವುದಕ್ಕೆ ಸಾಕು, ಒಟ್ಟಿಗೆ ಹಾಡುವುದಕ್ಕೆ ಸಾಲದು ಎಂದು ವಿವರಿಸಿದೆ. ಕಣ್ಣೆವೆ ಮಿಟುಕಿಸುವಷ್ಟು ತಡವಾದರೂ ಮಾತಿಗೆ ಏನೂ ಆಗುವುದಿಲ್ಲ, ಹಾಡು ಮುರಿಯುತ್ತದೆ ಎಂದೆ. ನಕ್ಷತ್ರ ನೋಡುವ ದೂರದರ್ಶಕಗಳ ಚಿತ್ರಗಳು ಹೋಗುವ ದಾರಿಯಲ್ಲಿ ಒತ್ತಡ ಹೆಚ್ಚಿದೆ, ನಿಮ್ಮ ಅರ್ಜಿ ಪರಿಶೀಲನೆಯಲ್ಲಿರುತ್ತದೆ ಎಂದರು. ಮಾನ್ಯರೇ, ಸಾವಿರಾರು ವರ್ಷ ನಡೆದು ಬಂದ ನಕ್ಷತ್ರದ ಬೆಳಕಿಗೆ ಇನ್ನೊಂದು ಗಳಿಗೆ ಕಾಯುವುದು ಕಷ್ಟವಾಗುತ್ತಿತ್ತೇ? ನನಗೆ ಖಗೋಳ ಶಾಸ್ತ್ರದ ಮೇಲೆ ಹಗೆಯಿಲ್ಲ. ಕಾಯಲು ಬಲ್ಲವರು ಯಾರು, ಕಾಯಲಾಗದವರು ಯಾರು ಎಂದು ನಿಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ ಎಂದಷ್ಟೇ ತಿಳಿಯಬೇಕು. ಪರಿಶೀಲನೆ ಎಂಬ ಮಾತನ್ನು ನಂಬಿ ಹುಡುಗಿಯರ ಪರೀಕ್ಷೆಗಳು ಮುಗಿಯುವವರೆಗೆ ನಾನು ಇಲ್ಲೇ ಉಳಿದೆ.

ಆಮೇಲೆ ರಜೆ ಹಾಕಿ ಹೋದೆ. ಅಕ್ಕ ಬಾಗಿಲು ತೆರೆದು "ಬಂದ್ಯಾ?" ಎಂದಳು. ಗಾಳಿಯಷ್ಟೇ ಬಂತು; ವೈದ್ಯರು ಹೇಳಿದ್ದಕ್ಕಿಂತ ಮೊದಲೇ ದನಿ ಹೋಗಿತ್ತು. ಅಡುಗೆಮನೆಯ ಮೇಜಿನ ಬಳಿ ಕೂತು ಪ್ರಯತ್ನಿಸಿದೆವು. ನಾನು ಮೇಲುದನಿ ಎತ್ತಿದೆ, ಅವಳ ತುಟಿಗಳು ಸರಿಯಾದ ಜಾಗದಲ್ಲೇ ತೆರೆದುಕೊಂಡವು. ಭಾವ ಎದ್ದು ಬಟ್ಟೆ ಒಣಹಾಕಲು ಹೋದರು. ಅವಳು ನನ್ನ ಕೈಮೇಲೆ ಕೈಯಿಟ್ಟು, "ಇರ್ಲಿ ಬಿಡೇ, ಊಟ ಮಾಡು" ಎಂದು ಪಿಸುಗುಟ್ಟಿದಳು. ಮಾಡಿದೆ. ರುಚಿ ಏನಿತ್ತು ಎಂದು ಈಗ ಯಾರಾದರೂ ಕೇಳಿದರೆ ಹೇಳಲಾರೆ. ಔಷಧಿಗೆ ಗೆಡ್ಡೆ ಬಗ್ಗಲಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಅಕ್ಕ ಬದುಕಿದ್ದಾಳೆ, ಆ ವಿಷಯದಲ್ಲಿ ಯಾರ ಮೇಲೂ ದೂರಿಲ್ಲ. ಅರ್ಧದಷ್ಟು ಹಾಡುಗಳ ಕೆಳದನಿ ಅವಳ ತಲೆಯೊಳಗೆ ಉಳಿದಿದೆ. ಅಲ್ಲಿಂದ ಹೊರಗೆ ಬರಲು ಅದಕ್ಕೆ ಬಾಗಿಲಿಲ್ಲ.

ನಿಮ್ಮ ಒಪ್ಪಿಗೆ ಬಂದಾಗ ನಾನು ಅದನ್ನು ಓದಿ ಬದಿಗಿಟ್ಟೆ. ಪರದೆ ಹಚ್ಚಿದವರು ಹುಡುಗಿಯರು. ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡ ಅಕ್ಕ ಕಾಣಿಸಿದಳು. ಹುಡುಗಿಯರಲ್ಲಿ ಒಬ್ಬಳು ಕಲಿಯದ ಹಾಡೊಂದರ ಕೆಳದನಿಯನ್ನು ಊಹಿಸಿಕೊಂಡು ಎತ್ತಿದಳು. ಸ್ವರ ತಪ್ಪಿದ ಕೂಡಲೇ ಅಕ್ಕ ಅಲ್ಲಿ ಮೇಜನ್ನು ಕುಟ್ಟಿದಳು. ಹುಡುಗಿ ಬೇರೆ ಸ್ವರ ಹಿಡಿದಳು, ಅಕ್ಕ ಮತ್ತೆ ಕುಟ್ಟಿದಳು. ಮೂರನೆಯದಕ್ಕೆ ಮೇಜು ಸುಮ್ಮನಿತ್ತು. "ಮೇಡಂ, ದೊಡ್ಡಮ್ಮ ಬೈತಾ ಇಲ್ಲ, ಸಿಕ್ತು" ಎಂದಳು. ನಾನು ಮೇಲುದನಿ ಹಾಡಬೇಕಿತ್ತು. ಹಾಡಲಿಲ್ಲ, ಕೂತಿದ್ದೆ. ಅಂದು ಸಂಜೆಯವರೆಗೆ ಒಂದು ಸಾಲು ಸಿಕ್ಕಿತು.

ಒಪ್ಪಿಗೆಯಲ್ಲಿ ಇದು ತಾತ್ಕಾಲಿಕವೆಂದೂ ಮತ್ತೆ ಪರಿಶೀಲಿಸಲಾಗುವುದೆಂದೂ ಬರೆದಿದ್ದೀರಿ. ನನ್ನ ಬೇಡಿಕೆ ಇಷ್ಟೇ. ಪರಿಶೀಲಿಸಬೇಡಿ. ಆ ಕುಟ್ಟು ಎವೆಯಿಕ್ಕುವಷ್ಟು ತಡವಾಗಿ ಬಂದರೂ ಯಾವ ಸ್ವರಕ್ಕೆ ಬಂತೆಂದು ಹುಡುಗಿಯರಿಗೆ ತಿಳಿಯುವುದಿಲ್ಲ, ತಪ್ಪನ್ನೇ ಸರಿಯೆಂದು ಕಲಿಯುತ್ತಾರೆ. ಇನ್ನೂ ಬಹಳ ಸಾಲುಗಳಿವೆ. ಹಾಗಿದ್ದೂ ನಮ್ಮನ್ನು ಜಾಲದಿಂದ ತೆಗೆಯಲೇಬೇಕೆಂದರೆ, ಆ ದಿನ ನಿಮ್ಮವರೊಬ್ಬರನ್ನು ತರಗತಿಗೆ ಕಳಿಸಿ. ಪರದೆಯ ಮುಂದೆ ನಿಂತು ಅವರೇ ಅಕ್ಕನಿಗೆ ಹೇಳಲಿ. ಉತ್ತರಕ್ಕಾಗಿ ಅವರು ಕಾಯಬೇಕಾಗುವುದಿಲ್ಲ.

ಇಂತಿ,
ಹಾಡು ಕಲಿಸುವ, ಸದ್ಯಕ್ಕೆ ಹಾಡದಿರುವ ಒಬ್ಬ ತಂಗಿ