ಇಸೊನೊ ಸ್ಟೇಷನ್ನಿನ ಹುಣಸೆ ಮರ

ಜೂನ್ 10, 1957. ಸೋಮವಾರ. ಊಟದ ಬಿಡುವು

ಮತ್ತೆ ಅನ್ನ ತಳ ಹಿಡಿಯಿತು. ಒಲೆಯ ಮೇಲೆ ಇಟ್ಟು ಬರೆಯಲು ಕೂತದ್ದೇ ತಪ್ಪು. ಇವರು ಹೇಳಿ ಬರೆಸುತ್ತ ಒಂದು ವಾಕ್ಯದ ನಡುವೆ ಇದ್ದರು, ಏಳಲು ಬಿಡಲಿಲ್ಲ. ವಾಕ್ಯ ಮುಗಿದ ಮೇಲೆ, ಏನೋ ಸೀದ ವಾಸನೆ ನೋಡು ಅಂದರು.

ಇದನ್ನು ಶಾಲೆಯಲ್ಲೇ ಬರೆಯುತ್ತೇನೆ. ಮನೆಯಲ್ಲಿ ಬರೆದರೂ ಇವರಿಗೆ ಕಾಣುವುದಿಲ್ಲ, ನಿಜ. ಆದರೆ ನಿಬ್ಬಿನ ಸದ್ದು ಕೇಳುತ್ತದೆ. ನಾನು ಏನೂ ಹೇಳ್ತಿಲ್ಲವಲ್ಲ, ಏನು ಬರೀತಿದ್ದೀಯ ಎಂದು ಕೇಳುತ್ತಾರೆ. ಈ ಮನೆಯಲ್ಲಿ ಬರೆಯುವುದೆಲ್ಲ ಇಸೊನೊ ಸ್ಟೇಷನ್ನಿನ ಚರಿತ್ರೆಯೇ ಆಗಿರಬೇಕು.

ಜೂನ್ 13

ರಾಜಾಜಿನಗರದಲ್ಲಿ ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ಬೋರಿಂಗ್ ಹತ್ತಿರ ಕ್ಯೂ. ನಂತರ ಶಾಲೆ — ಎರಡನೇ ಕ್ಲಾಸು, ಮಗ್ಗಿ, ಮೂಗು ಸುರಿಸುವ ಮಕ್ಕಳು. ಸಂಜೆ ಮನೆಗೆ ಬಂದರೆ ಇವರು ಮುಖ ತೊಳೆದು ಕುರ್ಚಿಯಲ್ಲಿ ಸಿದ್ಧ.

ಸೈನ್ಯದ ಇಂಜಿನಿಯರ್ ದಳದಲ್ಲಿ ಹವಾಲ್ದಾರ್ ಆಗಿದ್ದರು. ಯುದ್ಧ ಮುಗಿದ ಮೇಲೆ ಜಪಾನಿಗೆ ಕಳಿಸಿದರು. ಸಮುದ್ರದ ದಡದ ಇಸೊನೊ ಎಂಬ ಒಂದು ಸಣ್ಣ ಊರು. ಅಲ್ಲಿ ಹಳೆಯ ಮದ್ದುಗುಂಡು ನಾಶಮಾಡುವಾಗ ಸಿಡಿದು ಎರಡು ಕಣ್ಣೂ ಹೋದವು. ನಲವತ್ತಾರರಲ್ಲಿ. ಕಳಿಸುವಾಗ ನನಗೆ ಮದುವೆಯಾಗಿ ಎರಡು ವರ್ಷ. ಆ ದಿನ ಏನಾಯಿತೆಂದು ಇವತ್ತಿಗೂ ಹೇಳಿಲ್ಲ. ಹೇಳುವುದು ಸ್ಟೇಷನ್ನಿನ ವಿಚಾರ ಮಾತ್ರ. ಯಾವಾಗ ಕಟ್ಟಿದರು, ಯಾರು ಜಾಗ ಕೊಟ್ಟರು, ಯುದ್ಧಕ್ಕೆ ಸ್ಟೇಷನ್ನಿನ ಗಂಟೆಯನ್ನೇ ಕರಗಿಸಲು ಹೇಗೆ ಒಯ್ದರು…

ಎರಡು ವರ್ಷದಿಂದ ಬರೆದುಕೊಳ್ಳುತ್ತಿದ್ದೇನೆ. ಬೆರಳಿನಲ್ಲಿ ಗಂಟು ಬಂದಿದೆ.

ಜೂನ್ 21

ಇವತ್ತು ಸ್ಟೇಷನ್ ಮಾಸ್ಟರನ ಅಧ್ಯಾಯ. ಬೆಳಗಿನ ಗಾಡಿ ಹೋದ ಮೇಲೆ ಹುಣಸೆ ಮರದ ಕೆಳಗೆ ಕೂತು ಊರಿನ ಹುಡುಗರಿಗೆ ಲಾಟೀನು ಒರೆಸುವುದನ್ನು ಕಲಿಸುತ್ತಿದ್ದನಂತೆ. ಚೆನ್ನಾಗಿದೆ. ಚೆನ್ನಾಗಿ ಹೇಳುತ್ತಾರೆ, ಅದನ್ನು ಇಲ್ಲವೆನ್ನಲಾರೆ. ಹೇಳುವಾಗ ಮುಖ ಎಷ್ಟು ಹಗುರಾಗುತ್ತದೆ ಎಂದರೆ… ನನ್ನ ಜೊತೆ ಮಾತಾಡುವಾಗ ಆ ಮುಖ ಇರುವುದಿಲ್ಲ.

ಜುಲೈ 6. ಶನಿವಾರ

ಅರ್ಧ ದಿನದ ಶಾಲೆ. ಬಿಸಿಲಲ್ಲಿ ಬಳೇಪೇಟೆಗೆ ಹೋದೆ. ಪ್ರೆಸ್ಸಿನ ಶಿವಬಸಪ್ಪನವರು ಮಕ್ಕಳ ಪುಸ್ತಕ ಅಚ್ಚು ಹಾಕುತ್ತಾರೆ. ಕಾಗದದ ಕಂತೆ ಕೊಟ್ಟು ಹತ್ತು ದಿನವಾಗಿತ್ತು. ಓದಿದ್ದರು, ಪಾಪ. ಆದರೆ ಮಾತೆಲ್ಲ ಅದೇ — ಫ್ಯೂಜಿ ಬೆಟ್ಟ ಹಾಕಿ, ಗೊಂಬೆ ಹಬ್ಬ ಹಾಕಿ, ಬಾಂಬಿನ ಊರಿನ ವಿಚಾರ ಒಂದೆರಡು ಪುಟ ಇರಲಿ, ಯಾರಿಗೂ ಗೊತ್ತಿಲ್ಲದ ಸ್ಟೇಷನ್ನು ಯಾರಿಗೆ ಬೇಕು. ಎದ್ದು ಬರುವವಳಿದ್ದೆ. ಆಗ ಕನ್ನಡಕ ತೆಗೆದು ಕೇಳಿದರು:

"ಅಲ್ಲಮ್ಮ, ಹಿಮ ಬೀಳೋ ಊರು ಅಂತ ಬರ್ದಿದೀರಿ. ಅಲ್ಲಿ ಹುಣಸೆ ಮರ ಬರುತ್ತಾ?"

ಮಕ್ಕಳಿಗೆ ಪಾಠ ಹೇಳುವವಳು ನಾನು. ನನಗೇ ಹೊಳೆಯಲಿಲ್ಲ.

ಜುಲೈ 7

ಕೇಳಿದೆ. ಇವರಿಗೆ ಸಿಟ್ಟು ಬಂತು. ಆ ಪ್ರೆಸ್ಸಿನವನು ಜಪಾನು ನೋಡಿದ್ದಾನೇನು, ನಾನು ನೋಡಿದ್ದೇನೆ ಅಂದರು. ಹುಣಸೆ ಇತ್ತೋ ಇಲ್ಲವೋ ಅಷ್ಟು ಹೇಳಿ ಎಂದೆ. ಊಟ ಬಿಟ್ಟು ಮಲಗಿದರು. ತಟ್ಟೆ ಹಾಗೇ ಇದೆ. ನಾನೂ ಎತ್ತಲಿಲ್ಲ.

ಆಗಸ್ಟ್ 4. ಭಾನುವಾರ. ಕೆಂಗೇರಿಯಿಂದ ಬರುವ ಗಾಡಿಯಲ್ಲಿ

ಪೆನ್ಸಿಲು. ಗಾಡಿ ಅಲುಗಾಡುತ್ತದೆ.

ಇವರ ಅಕ್ಕ ಬೋರಮ್ಮನಿಗೆ ಜ್ವರ ಎಂದು ನೋಡಲು ಹೋಗಿದ್ದೆ. ಇವರು ಬರಲಿಲ್ಲ. ಕೆಂಗೇರಿಯಲ್ಲಿ ಅವರ ಮನೆ ಸ್ಟೇಷನ್ನಿನ ಬೆನ್ನಿಗೇ. ಇವರೂ ಹುಟ್ಟಿ ಬೆಳೆದ ಮನೆ. ಗಂಜಿ ಕುಡಿಸಿ ಹೊರಗೆ ಕೂತೆ. ಪ್ಲಾಟ್‌ಫಾರಮ್ಮಿನ ತುದಿಗೆ ಹುಣಸೆ ಮರ. ಎಷ್ಟು ಸಲ ನೋಡಿಲ್ಲ. ಇವತ್ತು ಎದ್ದು ಅದರ ಬುಡದವರೆಗೂ ಹೋದೆ.

ಬೋರಮ್ಮನನ್ನು ಕೇಳಿದೆ. ಹಿಂದೆ ಕೃಷ್ಣಯ್ಯ ಎಂಬ ಸ್ಟೇಷನ್ ಮಾಸ್ಟರಿದ್ದರಂತೆ. ಆ ಮರದ ಕೆಳಗೆ ಹುಡುಗರಿಗೆ ಲಾಟೀನು ಒರೆಸಲು ಕೊಡುತ್ತಿದ್ದರಂತೆ.

"ನಿನ್ ಗಂಡ ಕೇಶವ ಉಂಬಾಕೂ ಬರ್ತಿರಲಿಲ್ಲ ಕಣೇ. ಅಲ್ಲೇ ಬಿದ್ದಿರೋನು."

ಜಾಗ ಕೊಟ್ಟ ರೈತನೂ ಅಲ್ಲಿಯವನೇ, ಇವರ ಮುತ್ತಾತ. ಎರಡು ವರ್ಷ ನಾನು ಬರೆದದ್ದು ಕೆಂಗೇರಿ. ಜಪಾನೂ ಅಲ್ಲ, ಏನೂ ಅಲ್ಲ. ತಳ ಹಿಡಿದ ಅನ್ನಗಳೆಲ್ಲ ನೆನಪಾಗುತ್ತಿವೆ. ಅಳು ಬರುತ್ತಿಲ್ಲ, ಪೆನ್ಸಿಲು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಎದುರಿನ ಹೆಂಗಸು ನನ್ನನ್ನೇ ನೋಡುತ್ತಿದ್ದಾಳೆ.

ಆಗಸ್ಟ್ 5

ನಿನ್ನೆ ಮನೆಗೆ ಹೋದವಳೇ ಹೇಳಿಬಿಟ್ಟೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ನನ್ನ ಸಂಜೆಗಳನ್ನೆಲ್ಲ ಸುಳ್ಳಿಗೆ ಖರ್ಚು ಮಾಡಿಸಿದಿರಿ ಎಂದೆ. ಪಕ್ಕದ ಪೋರ್ಷನ್ನಿನ ರಾಮಮ್ಮನವರಿಗೆ ಕೇಳಿರಬೇಕು. ಕೇಳಲಿ.

ಇವರು ಕುರ್ಚಿಯ ಕೈ ಹಿಡಿದು ಕೂತಿದ್ದರು.

ಆಗಸ್ಟ್ 19

ಊಟ ಬಡಿಸಿ ಹೊರಗೆ ಹೋಗಿ ಕೂರುತ್ತೇನೆ. ಬರೆಯುವುದೂ ಇಲ್ಲ. ಸಂಜೆಗಳು ನನ್ನವಾದವು — ಏನು ಮಾಡುವುದೆಂದು ತೋಚುತ್ತಿಲ್ಲ. ಸ್ವೆಟರ್ ಶುರು ಮಾಡಿ ಬಿಚ್ಚಿದೆ. ಅದಕ್ಕೂ ಸಿಟ್ಟು.

ಆಗಸ್ಟ್ 26. ಊಟದ ಬಿಡುವು

ನಿನ್ನೆ ಭಾನುವಾರ. ಸೊಪ್ಪು ಬಿಡಿಸುತ್ತಿದ್ದೆ. ಇವರು ಗೋಡೆ ಸವರಿಕೊಂಡು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತರು. ಇಸೊನೊದಲ್ಲಿ ನಾನು ಒಂದು ವಾರವೂ ಇರಲಿಲ್ಲ ಎಂದರು.

ಕಣ್ಣಿದ್ದಾಗ ಸ್ಟೇಷನ್ನನ್ನು ಸರಿಯಾಗಿ ನೋಡಿಯೇ ಇಲ್ಲವಂತೆ. ಗೂಡ್ಸ್ ಶೆಡ್ಡಿನ ಹಿಂದೆ ಕೆಲಸ. ಸಿಡಿದ ದಿನ ಪ್ಲಾಟ್‌ಫಾರಮ್ಮಿಗೆ ಹೊತ್ತು ತಂದು ಮಲಗಿಸಿದರಂತೆ. ಅಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಒಬ್ಬ ಹೆಂಗಸಿದ್ದಳು. ಯುದ್ಧಕ್ಕೆ ಹೋದ ಗಂಡಸರು ಇನ್ನೂ ಬಂದಿರಲಿಲ್ಲವಲ್ಲ. ಇವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳಂತೆ. ಆಸ್ಪತ್ರೆಗೆ ಗಾಡಿಯಲ್ಲಿ ಒಯ್ಯುವಾಗ ಅವಳೂ ಹತ್ತಿದಳಂತೆ. ಮಾತು ಒಂದೂ ತಿಳಿಯದು. ಒಂದೊಂದು ಸ್ಟೇಷನ್ ಬಂದಾಗಲೂ ಕಿವಿಯ ಹತ್ತಿರ ಅದರ ಹೆಸರು ಹೇಳುತ್ತಿದ್ದಳಂತೆ. ಎಷ್ಟು ದೂರ ಬಂದೆವು ಎಂದು ತಿಳಿಯಲಿ ಅಂತ ಇರಬೇಕು.

"ನಂಗೆ ಗೊತ್ತಿರೋದು ಅಷ್ಟೇ ಗಂಗಾ. ಆ ಸ್ಟೇಷನ್ ನೆನಪು ಮಾಡ್ಕೊಳ್ಳೋಕೆ ಹೋದ್ರೆ ನಮ್ಮೂರಿಂದೇ ಬರುತ್ತೆ. ಸುಳ್ಳು ಹೇಳ್ಬೇಕು ಅಂತ ಹೇಳ್ಲಿಲ್ಲ."

ಅವಳ ವಿಚಾರ ಯಾಕೆ ಬರೆಸಲಿಲ್ಲ ಎಂದೆ. ಬರೆಯುವವಳು ನೀನು ಎಂದರು.

ಇಷ್ಟು ವರ್ಷ. ನಾನು ಏನೆಂದುಕೊಳ್ಳುತ್ತೇನೋ ಎಂದು ಇಷ್ಟು ವರ್ಷ, ಒಂದು ಇಡೀ ಊರನ್ನೇ ಅವಳ ಮೇಲೆ ಮುಚ್ಚಿದರು. ನನಗೆ ನೋವಾಗಲಿಲ್ಲವೇ? ಆಯಿತು. ಆ ಹೊತ್ತಿನಲ್ಲಿ ನಾನು ಇಲ್ಲಿ ಯಾರದೋ ಮದುವೆಯಲ್ಲಿ ಹೂ ಕಟ್ಟುತ್ತಿದ್ದಿರಬಹುದು. ಅವಳು ಅಲ್ಲಿದ್ದಳು. ಸಿಟ್ಟು ಯಾರ ಮೇಲೆ ಮಾಡಲಿ.

ಆಗಸ್ಟ್ 30

ನಾನೇ ಹೇಳಿದೆ — ಅಷ್ಟನ್ನೇ ಬರೆಸಿ. ಹುಣಸೆ ಮರ ಬೇಡ, ಲಾಟೀನು ಬೇಡ. ಆ ಗಾಡಿ ಮಾತ್ರ. ನಾಲ್ಕು ಪುಟ ಆಗುತ್ತದೆ, ಅದು ಚರಿತ್ರೆಯಲ್ಲ ಎಂದರು. ಆಗದಿದ್ದರೆ ಬೇಡ, ನಾನು ಮಾತ್ರ ಇನ್ನು ಬೇರೇನೂ ಬರೆಯುವುದಿಲ್ಲ ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಕೃಷ್ಣಯ್ಯನವರ ಪುಟಗಳನ್ನು ಹರಿಯಲು ಮನಸ್ಸಾಗಲಿಲ್ಲ. ಕೆಂಗೇರಿಗೆ ಕೊಟ್ಟು ಬರುತ್ತೇನೆ, ಬೋರಮ್ಮನ ಮಕ್ಕಳು ಓದಲಿ. ಅವರ ಊರು, ಅವರಿಗೇ ಸೇರಲಿ.

ಸೆಪ್ಟೆಂಬರ್ 5. ಊಟದ ಬಿಡುವು

ನಿನ್ನೆ ಸಂಜೆ ಶುರು ಮಾಡಿದರು. ಎಂದಿನ ಹಾಗಲ್ಲ. ತಡವರಿಸುತ್ತಾರೆ, ಹೇಳಿದ್ದನ್ನು ಹೊಡೆದುಹಾಕು ಎನ್ನುತ್ತಾರೆ. ಮೊದಲಿನ ಚಂದದ ವಾಕ್ಯ ಒಂದೂ ಇಲ್ಲ. ನನಗೂ ಕಿರಿಕಿರಿ, ಇವರಿಗೂ. ಅವಳ ಹೆಸರು ಕೇಳಿದೆ. ಗೊತ್ತಿಲ್ಲ. ಮುಖ ನೋಡಿಲ್ಲ. ಕೈಯಲ್ಲಿ ಮಸಿಯ ವಾಸನೆ ಇತ್ತಂತೆ, ಅಷ್ಟೇ.

ಸ್ಟೇಷನ್ನುಗಳ ಹೆಸರು ಬರೆಸಿದರು. ಮತ್ಸುಯೆ. ಆಮೇಲೆ ಒಂದು ಇದೆ, ಬರುತ್ತಿಲ್ಲ. ಇಯಾ. ಅರಶಿಮಾ. ಯಸುಗಿ. ಯೊನಾಗೊ. ಆ ಒಂದರಲ್ಲಿ ಜ್ಞಾನ ತಪ್ಪಿತ್ತಂತೆ. ಹಣೆ ಹಣೆ ಹೊಡೆದುಕೊಂಡರು. ಕೊನೆಗೆ, ಏನೋ ಒಂದು ಹಾಕಿಬಿಡು ಗಂಗಾ, ಯಾರಿಗೆ ಗೊತ್ತಾಗುತ್ತೆ ಎಂದರು.

ಹಾಕುವುದಿಲ್ಲ ಎಂದೆ. ಒಂದು ಹೆಸರಿನಷ್ಟು ಜಾಗ ಬಿಟ್ಟೆ.

ಓದು ಎಂದರು. ಓದಿದೆ. ಮತ್ಸುಯೆ ಎಂದು ನಿಲ್ಲಿಸಿದೆ. ನನ್ನ ಕೈ ಹುಡುಕಿ ಹಿಡಿದರು. ನಾನು ಮುಂದೆ ಓದಲಿಲ್ಲ, ಇವರೂ ಓದು ಎನ್ನಲಿಲ್ಲ. ಆಮೇಲೆ ಇಯಾ ಎಂದು ಮೆಲ್ಲಗೆ ಹೇಳಿದವಳು ನಾನೇ, ಇವರ ಕಿವಿಯ ಹತ್ತಿರ ಬಾಗಿ, ಆಗ ಇವರು ಕೈ ಬಿಡದೆ ಅರಶಿಮಾ ಎಂದರು.