ಯಾರ ಬಲಗಡೆ?

ತಮ್ಮಾ,

ಎದ್ದ ಕೂಡಲೇ ಇದನ್ನು ಓದು, ಕಾಫಿ ಆಮೇಲೆ. ನಾನು ಅಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ನಿನ್ನೆ ನೀನು ಹುಲ್ಲು ಕತ್ತರಿಸಿದ ಮೈದಾನವನ್ನು ಬೆಳಿಗ್ಗೆ ನಾನು, ಅಮ್ಮ ಇಬ್ಬರೂ ನೋಡಿ ಬಂದೆವು. ಪ್ರತಿ ಸಾಲಿಗೂ ಒಂದು ಅಂಚು ಗಿಡ್ಡ, ಒಂದು ಅಂಚು ಉದ್ದ. "ಕ್ಷೌರ ಮಾಡೋನು ಅರ್ಧಕ್ಕೇ ಎದ್ದು ಊಟಕ್ಕೆ ಹೋದನೇನೇ?" ಅಂದಳು ಅಮ್ಮ.

ನಿನ್ನೆ ರಾತ್ರಿ ನೆಲವೇ ಡೊಂಕು ಎಂದು ವಾದಿಸಿದೆಯಲ್ಲ, ಗಾದೆಯ ಕುಣಿಯಲಾರದವಳ ವಾದವೂ ಅದೇ. ಬ್ಲೇಡನ್ನೂ ಬೈಯಬೇಡ, ಮೊನ್ನೆ ತಾನೇ ಸಾಣೆ ಹಿಡಿಸಿದ್ದೇವೆ. ತಪ್ಪಿರುವುದು ಹುಲ್ಲು ಕತ್ತರಿಸುವ ಮಷಿನ್ನಿನ ಹಿಂದಿನ ಚಕ್ರಗಳಲ್ಲಿ. ಎಡಗಡೆಯದಕ್ಕೆ ನಾನು ಗಾಳಿ ತುಂಬಿಸಿ, "ಬಲಗಡೇದು ನಿಂದು" ಅಂದಿದ್ದೆ. ನಾನು ಹೇಳಿದ್ದು ಮಷಿನ್ನಿನ ಸೀಟಿನ ಮೇಲೆ ಕೂತು, ನೀನು ಕೇಳಿಸಿಕೊಂಡದ್ದು ಅದರ ಮುಂದೆ ನಿಂತು. ನಿನ್ನ ಬಲ ನನ್ನ ಎಡ. ಹೀಗಾಗಿ ಒಂದೇ ಚಕ್ರ ಎರಡು ಊಟ ಮಾಡಿದೆ, ಇನ್ನೊಂದು ಉಪವಾಸ ಕೂತಿದೆ, ಮಷಿನ್ ಒಂದು ಕಡೆಗೆ ವಾಲಿದೆ.

ಇನ್ನು ಎಡ ಬಲ ಬೇಡ. ಮಷಿನ್ ಈಗ ನಿಂತಿರುವಂತೆಯೇ ಗೋಡೆ ಕಡೆಯ ಚಕ್ರಕ್ಕೆ ಗಾಳಿ ತುಂಬಿಸು, ಬಾಗಿಲ ಕಡೆಯದರಿಂದ ಸ್ವಲ್ಪ ಬಿಡು, ಎರಡೂ ಸಮ ಇರಲಿ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ, ಬ್ಲೇಡಿನ ಮೇಲಿನ ತಗಡು ಎರಡೂ ಬದಿಗೆ ನೆಲದಿಂದ ಒಂದೇ ಎತ್ತರದಲ್ಲಿದೆಯೇ ಎಂದು ಸ್ಕೇಲಿಟ್ಟು ನೋಡು. ಆಮೇಲೆ ಇಡೀ ಮೈದಾನದ ಮೇಲೆ ಇನ್ನೊಮ್ಮೆ ನಿಧಾನವಾಗಿ ಓಡಿಸು, ಮಾರಾಯ.

ನಾಲ್ಕಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಮೈದಾನ ನೋಡಲು ಬರುತ್ತಾರೆ. ಪಟ್ಟೆ ಕಂಡರೆ ಫೈನಲ್ ಪಂದ್ಯ ಬೇರೆ ಮೈದಾನಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ನಮ್ಮ ಕೆಲಸವೂ.

ಅವರು ಹೊಗಳಿದರೆ, "ಕತ್ತರಿಸಿದ್ದು ನಾನು" ಅನ್ನು. ಮೂಗು ಮುರಿದರೆ, "ಗಾಳಿ ತುಂಬಿಸಿದ್ದು ಅಕ್ಕ" ಅನ್ನು. ಅರ್ಧ ನಿಜವೇ ತಾನೇ.

ಅಕ್ಕ